ಹುಷಾರು ಪಾಪು: ತೆರೆಯ ಮೇಲೆ ಮಾತಾಡುವ ಶಿಶುಗಳು



ನಮ್ಮ ಮನೆಯ ಮಾತು ಉರ್ದು, ಕಾಲೇಜಿನ ಮಾತು ಕನ್ನಡ. ಎರಡು ಕಡೆಯೂ ಓಡಾಡುವ ಒಂದು ಪದ ‘ಹುಷಾರು’. ನನ್ನ ಅಕ್ಕನ ಮಗ ಮುನ್ನಾನನ್ನು ನೋಡಿ ದಾದಿ “ಇನೆ ಬೌತ್ ಹುಷಾರ್ ಹೈ” ಎನ್ನುತ್ತಿದ್ದರು. ಇವನು ಬಹಳ ಬುದ್ಧಿವಂತ ಎಂದು ಅರ್ಥ. ಕನ್ನಡದಲ್ಲಿಯೂ ಆ ಅರ್ಥ ಇದೆ. ಆದರೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆ. ಜ್ವರ ಬಂದವನು “ಹುಷಾರಿಲ್ಲ ಸರ್” ಎಂದು ರಜೆ ಕೇಳುತ್ತಾನೆ. ಈ ಲೇಖನ ಮುಗಿಯುವಷ್ಟರಲ್ಲಿ ನನಗೆ ಎರಡೂ ಅರ್ಥ ಬೇಕಾಗುತ್ತವೆ, ಆದ್ದರಿಂದ ಮೊದಲೇ ಹೇಳಿದ್ದೇನೆ.

ಅಕ್ಕನ ಗಂಡ ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದಾರೆ. ಹೆರಿಗೆಗೆ ಬಂದ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಮುನ್ನಾ ಒಂಬತ್ತು ತಿಂಗಳಿನವನಿದ್ದಾಗ ಟಿವಿಯಲ್ಲಿ ‘ದ ಬಾಸ್ ಬೇಬಿ’ ಹಾಕಿದ್ದರು. ಕೋಟು, ಟೈ ಹಾಕಿಕೊಂಡ ಒಂದು ಶಿಶು ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದು ಟ್ಯಾಕ್ಸಿಯಿಂದ ಇಳಿಯುತ್ತದೆ. ಅದನ್ನು ನೋಡಿ ನಾನೂ ಮುನ್ನಾನಿಗೆ ಡಬ್ಬಿಂಗ್ ಮಾಡಲು ಶುರು ಮಾಡಿದೆ. ಅವನ ಹಿಂದೆ ಕುಳಿತು ದಪ್ಪ ದನಿಯಲ್ಲಿ, “ಅಮ್ಮಿ, ನಿನ್ನೆಯ ಹಾಲಿನ ಬಾಕಿ ಇನ್ನೂ ಬಂದಿಲ್ಲ. ಬಡ್ಡಿ ಸೇರಿಸಿ ಕೊಡಿ” ಎಂದರೆ ಮನೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಅವರು ನಗುವುದನ್ನು ನೋಡಿ ಮುನ್ನಾನೂ ನಗುತ್ತಿದ್ದ.

ಮಾತು ಬಾರದ ಮಗುವಿನ ಬಾಯಿಗೆ ದೊಡ್ಡವರ ಮಾತು ಹಾಕಿದರೆ ನಮಗೆ ಯಾಕೆ ನಗು ಬರುತ್ತದೆ? ಇಂಥ ಸಿನಿಮಾಗಳನ್ನು ಹೇಗೆ ಮಾಡುತ್ತಾರೆ? ಅದರಲ್ಲಿ ನಿಜ ಎಷ್ಟು? ಈ ಮೂರು ಪ್ರಶ್ನೆಗಳಿಗೆ ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಹಾಸ್ಯಕ್ಕಿಂತ ಹಳೆಯ ಕಥೆ

ಮಾತಾಡುವ ಮಗು ಸಿನಿಮಾದವರು ಕಂಡುಹಿಡಿದದ್ದಲ್ಲ. ಕುರ್‌ಆನಿನ ಸೂರಾ ಮರ್ಯಮ್‌ನಲ್ಲಿ ಹಜ್ರತ್ ಈಸಾ ಅವರು ತೊಟ್ಟಿಲ ಕೂಸಾಗಿದ್ದಾಗಲೇ ಮಾತಾಡಿ, ತಾಯಿಯನ್ನು ದೂರುತ್ತಿದ್ದ ಜನರಿಗೆ ಉತ್ತರ ಕೊಟ್ಟ ಪ್ರಸಂಗ ನಮಗೆಲ್ಲ ಗೊತ್ತು. ಮಹಾಭಾರತದ ಕಥೆಯಲ್ಲಿ ಅಭಿಮನ್ಯು ತಾಯಿಯ ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಒಳಗೆ ಹೋಗುವ ದಾರಿಯನ್ನು ಕೇಳಿಸಿಕೊಳ್ಳುತ್ತಾನೆ. ಈ ಕಥೆಗಳನ್ನು ಕೇಳುವಾಗ ಯಾರೂ ನಗುವುದಿಲ್ಲ. ಅಲ್ಲಿ ಮಗುವಿನ ಮಾತು ಅಥವಾ ತಿಳಿವಳಿಕೆ ಸುತ್ತಲಿನ ದೊಡ್ಡವರಿಗಿಂತ ದೊಡ್ಡದು.

ಹಾಸ್ಯ ಇದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಮಗು ಆಡುವುದು ನಮ್ಮ ಪಕ್ಕದ ಮನೆಯವರು ಆಡುವಂಥ ಮಾಮೂಲಿ ಮಾತು. ಆಫೀಸು, ದುಡ್ಡು, ಊಟ ಚೆನ್ನಾಗಿಲ್ಲ ಎಂಬ ದೂರು, ಇಷ್ಟವಿಲ್ಲದ ನೆಂಟರು. ಅಷ್ಟು ಚಿಕ್ಕ ದೇಹದಿಂದ ಅಷ್ಟು ಸಾಮಾನ್ಯ ಮಾತು ಬರುವುದೇ ತಮಾಷೆ.

ನಾಲ್ಕು ಬಗೆಯ ಹುಷಾರು ಮಕ್ಕಳು

ನಾನು ನೋಡಿದ ಮತ್ತು ಓದಿ ತಿಳಿದ ಸಿನಿಮಾ, ಟಿವಿ ಕಾರ್ಯಕ್ರಮಗಳನ್ನು ಸೇರಿಸಿ ನೋಡಿದರೆ ಇಂಥ ಮಕ್ಕಳು ನಾಲ್ಕು ಬಗೆ.

ಮೊದಲನೆಯದು, ಮನಸ್ಸಿನಲ್ಲಿ ಮಾತಾಡುವ ಮಗು. ಇದಕ್ಕೆ ಒಳ್ಳೆಯ ಉದಾಹರಣೆ 1989ರಲ್ಲಿ ಬಂದ ಅಮೆರಿಕದ ‘ಲುಕ್ ಹೂ ಈಸ್ ಟಾಕಿಂಗ್’. ನಿರ್ದೇಶಕಿ ಏಮಿ ಹೆಕರ್ಲಿಂಗ್. ಮಿಕಿ ಎಂಬ ಮಗುವಿನ ತಾಯಿ ನ್ಯೂಯಾರ್ಕಿನ ಒಬ್ಬ ಅಕೌಂಟೆಂಟ್. ನಮ್ಮ ವಿಭಾಗದವರಿಗೆ ಇದು ಸಂತೋಷದ ವಿಷಯ! ಮಗುವಿಗೆ ಒಳ್ಳೆಯ ತಂದೆ ಬೇಕೆಂದು ಆಕೆ ಹುಡುಕುತ್ತಾಳೆ. ಮಿಕಿಗೆ ಮಾತ್ರ ಟ್ಯಾಕ್ಸಿ ಓಡಿಸುವವನೇ ಇಷ್ಟ. ಮಿಕಿಯ ಮನಸ್ಸಿನ ಮಾತು ನಮಗೆ ಕೇಳುತ್ತದೆ, ತಾಯಿಗೆ ಕೇಳುವುದಿಲ್ಲ. ಆ ದನಿ ಕೊಟ್ಟವರು ಬ್ರೂಸ್ ವಿಲ್ಲಿಸ್. ಅದರ ಹಿಂದಿನ ವರ್ಷವಷ್ಟೇ ‘ಡೈ ಹಾರ್ಡ್’ ಎಂಬ ಹೊಡೆದಾಟದ ಚಿತ್ರದ ನಾಯಕನಾಗಿದ್ದ ನಟನ ಒರಟು ದನಿ ಒಂದು ಹಸುಗೂಸಿಗೆ! ಸುಮಾರು 75 ಲಕ್ಷ ಡಾಲರ್‌ನಲ್ಲಿ ತಯಾರಾದ ಈ ಚಿತ್ರ ಪ್ರಪಂಚದಾದ್ಯಂತ ಸುಮಾರು 29 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಖರ್ಚಿನ ಸುಮಾರು 40 ಪಟ್ಟು. 1990ರಲ್ಲಿ ಎರಡನೆಯ ಭಾಗವೂ 1993ರಲ್ಲಿ ಮೂರನೆಯ ಭಾಗವೂ ಬಂದವು. ಮೂರನೆಯದರಲ್ಲಿ ಮಕ್ಕಳ ಬದಲು ನಾಯಿಗಳ ಮನಸ್ಸಿನ ಮಾತು ಕೇಳಿಸುತ್ತದೆ.

ಎರಡನೆಯದು, ತಮ್ಮತಮ್ಮಲ್ಲೇ ಮಾತಾಡುವ ಮಕ್ಕಳು. 1991ರಲ್ಲಿ ನಿಕಲೋಡಿಯನ್ ಚಾನಲ್‌ನಲ್ಲಿ ಶುರುವಾದ ‘ರಗ್‌ರ್ಯಾಟ್ಸ್’ ಕಾರ್ಟೂನ್‌ನಲ್ಲಿ ಒಂದು ವರ್ಷದ ಟಾಮಿ ಮತ್ತು ಅವನ ಗೆಳೆಯರು ತಮ್ಮೊಳಗೆ ಚೆನ್ನಾಗಿ ಮಾತಾಡುತ್ತಾರೆ. ದೊಡ್ಡವರಿಗೆ ಅದು ಮಾತೆಂದೇ ಗೊತ್ತಿಲ್ಲ. ಮೂರು ವರ್ಷದ ಆಂಜೆಲಿಕಾ ಮಾತ್ರ ಎರಡೂ ಕಡೆಯವರ ಜೊತೆ ಮಾತಾಡಬಲ್ಲಳು. ಈ ಅನುಕೂಲವನ್ನು ಅವಳು ಚೆನ್ನಾಗಿ ದುರುಪಯೋಗ ಮಾಡಿಕೊಳ್ಳುತ್ತಾಳೆ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಆಡುವ ನಮ್ಮಂಥವರಿಗೆ ಆಂಜೆಲಿಕಾಳ ಅಧಿಕಾರ ಚೆನ್ನಾಗಿ ಅರ್ಥವಾಗುತ್ತದೆ.

ಮೂರನೆಯದು, ಮಾತೇ ಆಡದ ಬುದ್ಧಿವಂತ ಮಗು. ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವುದು 1994ರ ‘ಬೇಬೀಸ್ ಡೇ ಔಟ್’. ಬಿಂಕ್ ಎಂಬ ಶ್ರೀಮಂತರ ಮಗುವನ್ನು ಮೂವರು ಕಳ್ಳರು ಅಪಹರಿಸುತ್ತಾರೆ. ಮಗು ತಪ್ಪಿಸಿಕೊಂಡು ಶಿಕಾಗೊ ನಗರವನ್ನೆಲ್ಲ ಅಂಬೆಗಾಲಿನಲ್ಲಿ ಸುತ್ತುತ್ತದೆ. ಬಸ್ಸು, ದೊಡ್ಡ ಅಂಗಡಿ, ಮೃಗಾಲಯ, ಕಟ್ಟುತ್ತಿರುವ ಎತ್ತರದ ಕಟ್ಟಡ. ದಾದಿಯಮ್ಮ ದಿನವೂ ಓದಿ ಹೇಳುತ್ತಿದ್ದ ಚಿತ್ರಪುಸ್ತಕದ ಪುಟಗಳ ಪ್ರಕಾರವೇ ಅವನು ಹೋಗುತ್ತಿದ್ದಾನೆ ಎಂಬುದು ಕೊನೆಗೆ ಅವಳಿಗೆ ಹೊಳೆಯುತ್ತದೆ. ಪೊಲೀಸರಿಗೆ ಹೊಳೆಯುವುದಿಲ್ಲ! ‘ಟಾಮ್ ಅಂಡ್ ಜೆರ್ರಿ’ಯ 1958ರ ‘ಟಾಟ್ ವಾಚರ್ಸ್’ ಕಂತಿನಲ್ಲೂ ಮಗು ನೋಡಿಕೊಳ್ಳುವ ಹುಡುಗಿ ಫೋನಿನಲ್ಲಿ ಮುಳುಗಿರುವಾಗ ಮಗು ಕಟ್ಟಡದ ಕಬ್ಬಿಣದ ತೊಲೆಗಳ ಮೇಲೆ ತೆವಳಿಕೊಂಡು ಹೋಗುತ್ತದೆ. ಬೆಕ್ಕು, ಇಲಿ ಜಗಳ ಬಿಟ್ಟು ಅದರ ಹಿಂದೆ ಓಡುತ್ತವೆ.

ನಾಲ್ಕನೆಯದು, ಮಗುವಿನ ರೂಪದಲ್ಲಿರುವ ದೊಡ್ಡ ಮನುಷ್ಯ. ಬಗ್ಸ್ ಬನ್ನಿಯ 1954ರ ಒಂದು ಕಾರ್ಟೂನ್‌ನಲ್ಲಿ ಬ್ಯಾಂಕ್ ದರೋಡೆ ಮಾಡಿದ ಕುಳ್ಳ ಕಳ್ಳನೊಬ್ಬ ಮಗುವಿನ ವೇಷ ಹಾಕುತ್ತಾನೆ. 2017ರ ‘ದ ಬಾಸ್ ಬೇಬಿ’ ಈ ಸಾಲಿಗೇ ಸೇರುತ್ತದೆ. ಮಾರ್ಲಾ ಫ್ರೇಝೀ ಅವರ ಚಿತ್ರಪುಸ್ತಕದಿಂದ ಬಂದ ಈ ಚಿತ್ರದಲ್ಲಿ ‘ಬೇಬಿ ಕಾರ್ಪ್’ ಎಂಬ ಕಂಪನಿ ಇದೆ. ಕಚಗುಳಿ ಇಟ್ಟಾಗ ನಕ್ಕ ಮಕ್ಕಳು ಕುಟುಂಬಗಳಿಗೆ ಹೋಗುತ್ತವೆ, ನಗದವು ಮ್ಯಾನೇಜ್‌ಮೆಂಟಿಗೆ ಹೋಗುತ್ತವೆ. ಪ್ರಪಂಚದ ಪ್ರೀತಿಯಲ್ಲಿ ಮಕ್ಕಳ ಪಾಲನ್ನು ನಾಯಿಮರಿಗಳು ಕಸಿದುಕೊಳ್ಳುತ್ತಿವೆ ಎಂಬುದು ಕಂಪನಿಯ ಚಿಂತೆ. ನಮ್ಮ ಭಾಷೆಯಲ್ಲಿ ಹೇಳಿದರೆ ಮಾರ್ಕೆಟ್ ಷೇರ್ ಕಡಿಮೆಯಾಗುತ್ತಿದೆ! ಒಂದು ವಿಶೇಷ ಹಾಲು ಕುಡಿಯುವವರೆಗೆ ಮಾತ್ರ ಬಾಸ್‌ಗೆ ಬುದ್ಧಿ. ಹಾಲು ನಿಂತರೆ ಅವನೂ ಎಲ್ಲ ಮಕ್ಕಳಂತೆ ಅಳುವ ಪಾಪು.

ಈ ಬಗೆಯ ಮಗುವನ್ನು ಜಾಹೀರಾತಿನವರೂ ಬಿಡಲಿಲ್ಲ. 2008ರಲ್ಲಿ ಅಮೆರಿಕದ ‘ಸೂಪರ್ ಬೌಲ್’ ಪಂದ್ಯದ ಸಮಯದಲ್ಲಿ ಇ-ಟ್ರೇಡ್ ಎಂಬ ಷೇರು ವ್ಯವಹಾರದ ಕಂಪನಿಯ ಜಾಹೀರಾತು ಬಂತು. ಒಂದು ಮಗು ಕಂಪ್ಯೂಟರಿನ ಮುಂದೆ ಕುಳಿತು ಗುಂಡಿ ಒತ್ತಿ ಷೇರು ಕೊಳ್ಳುತ್ತದೆ, ಆಮೇಲೆ ಹಾಲು ಕಕ್ಕುತ್ತದೆ. ಮಗುವಿಗೇ ಸಾಧ್ಯವಾದರೆ ನಿಮಗೂ ಸಾಧ್ಯ ಎಂಬುದು ಸಂದೇಶ. ನಾವು ಕಾಮರ್ಸ್‌ನವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಷೇರು ಕೊಳ್ಳುವ ಗುಂಡಿ ಒತ್ತುವುದು ಸುಲಭ. ಯಾವ ಷೇರು, ಎಷ್ಟು ಅಪಾಯ ಎಂದು ತಿಳಿಯುವುದು ಸುಲಭವಲ್ಲ. ನಗುವಿನ ಮರೆಯಲ್ಲಿ ಆ ಭಾಗವನ್ನು ಬಿಟ್ಟುಬಿಟ್ಟಿದ್ದಾರೆ.

ತೆರೆಯ ಹಿಂದೆ

ಮಗುವಿಗೆ ಸಂಭಾಷಣೆ ಬಾಯಿಪಾಠ ಮಾಡಿಸಲು ಆಗುವುದಿಲ್ಲ. ಹಾಗಾಗಿ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಮೊದಲು ಮಗುವಿನ ಮುಖವನ್ನು ಸಾಕಷ್ಟು ಹೊತ್ತು ಚಿತ್ರೀಕರಿಸುತ್ತಾರೆ. ಆಕಳಿಕೆ, ಹುಬ್ಬು ಗಂಟಿಕ್ಕುವುದು, ಏನನ್ನೋ ದಿಟ್ಟಿಸುವುದು. ಆಮೇಲೆ ಆ ಮುಖಕ್ಕೆ ಹೊಂದುವ ಮಾತನ್ನು ನಟನ ದನಿಯಲ್ಲಿ ಸೇರಿಸುತ್ತಾರೆ. ಆಕಳಿಸಿದ ಮಗುವಿಗೆ “ಈ ಮೀಟಿಂಗ್ ಯಾವಾಗ ಮುಗಿಯುತ್ತದೆ?” ಎಂಬ ಮಾತು ಹಾಕಿದರೆ ಆಯಿತು. ಮುಖ ಮಗುವಿನದು, ಅರ್ಥ ನಮ್ಮದು.

ಒಂದು ಪಾತ್ರಕ್ಕೆ ಅವಳಿ ಮಕ್ಕಳನ್ನು ಹಾಕುವುದೂ ರೂಢಿ. ಬಿಂಕ್ ಆಗಿ ನಟಿಸಿದ್ದು ವರ್ಟನ್ ಅವಳಿಗಳು. ಇದಕ್ಕೆ ಕಾನೂನೂ ಕಾರಣ. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದ ಪ್ರಕಾರ ಆರು ತಿಂಗಳೊಳಗಿನ ಮಗುವನ್ನು ದಿನಕ್ಕೆ 20 ನಿಮಿಷಕ್ಕಿಂತ ಹೆಚ್ಚು ಕ್ಯಾಮೆರಾ ಮುಂದೆ ದುಡಿಸುವಂತಿಲ್ಲ. ಒಂದು ಮಗು ಮಲಗಿದರೆ ಇನ್ನೊಂದು ಬರುತ್ತದೆ. ಅಪಾಯದ ದೃಶ್ಯಗಳಿಗೆ ‘ಬೇಬೀಸ್ ಡೇ ಔಟ್’ನಲ್ಲಿ ವರ್ನ್ ಟ್ರಾಯರ್ ಎಂಬ ನಟ ಬಿಂಕ್‌ನ ಬದಲಿಗೆ ಕೆಲಸ ಮಾಡಿದರು. ಅವರು 81 ಸೆಂಟಿಮೀಟರ್ ಎತ್ತರದ ವಯಸ್ಕ.

ಈ ಚಿತ್ರದ ಲೆಕ್ಕಾಚಾರ ವಿಚಿತ್ರವಾಗಿದೆ. ಅಮೆರಿಕದಲ್ಲಿ ಅದು ಸೋತಿತು. ಆದರೆ ಅಲ್ಲಿನ ಪ್ರಸಿದ್ಧ ಚಿತ್ರ ವಿಮರ್ಶಕ ರೋಜರ್ ಈಬರ್ಟ್ 1999ರಲ್ಲಿ ಕೋಲ್ಕತ್ತಾಗೆ ಬಂದಾಗ, ಅಲ್ಲಿನ ಒಂದು ಚಿತ್ರಮಂದಿರದವರು ತಮ್ಮಲ್ಲಿ ಅತಿ ಹೆಚ್ಚು ಯಶಸ್ವಿಯಾದ ಚಿತ್ರ ಇದೇ, ಒಂದು ವರ್ಷಕ್ಕೂ ಹೆಚ್ಚು ಓಡಿತು ಎಂದು ಹೇಳಿದರಂತೆ. ತೆಲುಗಿನಲ್ಲಿ 1995ರಲ್ಲಿ ‘ಸಿಸಿಂದ್ರಿ’ ಬಂತು. ಅದರಲ್ಲಿ ನಟಿಸಿದ ಪುಟ್ಟ ಮಗು ನಾಗಾರ್ಜುನ ಅವರ ಮಗ ಅಖಿಲ್. ಮಲಯಾಳದಲ್ಲಿ 1999ರಲ್ಲಿ ‘ಜೇಮ್ಸ್ ಬಾಂಡ್’ ಎಂಬ ಹೆಸರಿನಲ್ಲಿ ಇದೇ ಕಥೆ ಬಂತು. ನನಗೆ ಅನಿಸುವ ಕಾರಣ ಸರಳ. ಬಿಂಕ್ ಮಾತಾಡುವುದಿಲ್ಲ, ಆದ್ದರಿಂದ ಅವನಿಗೆ ಭಾಷೆಯ ಗಡಿ ಇಲ್ಲ. ನಮ್ಮ ದಾದಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಕಳ್ಳರಿಗೆ ಏಟು ಬಿದ್ದಾಗ ನಮಗಿಂತ ಮೊದಲು ನಗುವವರು ಅವರೇ.

ಯಾಕೆ ನಗುತ್ತೇವೆ?

ಒಂದು ಕಾರಣ, ದೇಹಕ್ಕೂ ಮಾತಿಗೂ ಹೊಂದಿಕೆ ಇಲ್ಲದಿರುವುದು. ಇನ್ನೊಂದು, ಮಗುವಿನ ಮಾತು ನಮಗೆ ಕೇಳುತ್ತದೆ, ಪಕ್ಕದಲ್ಲೇ ಇರುವ ತಂದೆತಾಯಿಗೆ ಕೇಳುವುದಿಲ್ಲ. ಗುಟ್ಟು ನಮ್ಮ ಕೈಯಲ್ಲಿರುವುದರಿಂದ ಖುಷಿ. ಮೂರನೆಯದು, ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಾಗದ್ದನ್ನು ಮಗು ಹೇಳಿಬಿಡುತ್ತದೆ. ನಾನು ಮುನ್ನಾನ ದನಿಯಲ್ಲಿ “ಫೂಫಿ ತಂದ ಬಿಸ್ಕತ್ತು ಮೆತ್ತಗಾಗಿದೆ” ಎಂದರೆ ಎಲ್ಲರೂ ನಗುತ್ತಿದ್ದರು. ನನ್ನ ದನಿಯಲ್ಲೇ ಹೇಳಿದ್ದರೆ ಕಿವಿ ಹಿಂಡುತ್ತಿದ್ದರು.

ಅಂದರೆ ಈ ಹಾಸ್ಯದಲ್ಲಿ ಮಾತಾಡುತ್ತಿರುವವರು ನಾವು. ಮಗು ನಮಗೆ ಮೈಕ್ ಆಗಿರುತ್ತದೆ. ಮೈಕ್ ಆಗದ ಒಂದು ಮಗು ಎಂದರೆ ‘ದ ಸಿಂಪ್ಸನ್ಸ್’ ಕಾರ್ಟೂನಿನ ಮ್ಯಾಗಿ. ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡು ಸುಮ್ಮನಿರುತ್ತಾಳೆ. 1992ರ ಒಂದು ಕಂತಿನ ಕೊನೆಯಲ್ಲಿ ಮೊದಲ ಬಾರಿಗೆ ‘ಡ್ಯಾಡಿ’ ಎನ್ನುತ್ತಾಳೆ. ಆ ಒಂದೇ ಪದಕ್ಕೆ ದನಿ ಕೊಟ್ಟವರು ಹಾಲಿವುಡ್‌ನ ಹೆಸರಾಂತ ನಟಿ ಎಲಿಜಬೆತ್ ಟೇಲರ್. ತಮಾಷೆ ಏನೆಂದರೆ ಅವಳು ಅದನ್ನು ಹೇಳುವುದು ಅಪ್ಪ ಬಾಗಿಲು ಹಾಕಿಕೊಂಡು ಹೋದ ಮೇಲೆ. ಅವನಿಗೆ ಕೇಳುವುದೇ ಇಲ್ಲ.

ನಿಜವಾದ ಮಗುವಿನ ಬುದ್ಧಿ

ಸಿನಿಮಾದಲ್ಲಿ ಒಂದು ಮಾತು ಮಾತ್ರ ಸುಳ್ಳಲ್ಲ. ಮಕ್ಕಳಿಗೆ ಮಾತು ಬರುವ ಮೊದಲೇ ಬಹಳಷ್ಟು ತಿಳಿದಿರುತ್ತದೆ. ಗರ್ಭದಲ್ಲಿ ಸುಮಾರು ಆರನೇ ತಿಂಗಳ ಹೊತ್ತಿಗೆ ಮಗುವಿನ ಕಿವಿ ಕೆಲಸ ಮಾಡಲು ಶುರುಮಾಡುತ್ತದೆ. ಹುಟ್ಟಿದ ಕೆಲವೇ ದಿನಗಳ ಮಕ್ಕಳು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತಾರೆ ಎಂದು 1980ರ ಒಂದು ಪ್ರಯೋಗ ತೋರಿಸಿತು. ಫ್ರೆಂಚ್ ಮತ್ತು ಜರ್ಮನ್ ಮನೆಗಳ ನವಜಾತ ಶಿಶುಗಳು ಅಳುವ ರಾಗದಲ್ಲೇ ವ್ಯತ್ಯಾಸ ಇದೆ ಎಂದು 2009ರ ಒಂದು ಅಧ್ಯಯನ ಹೇಳಿತು. ಅಂದರೆ ಮಗು ಅಳುವುದನ್ನೂ ಸ್ವಲ್ಪ ಮನೆಮಾತಿನಲ್ಲೇ ಅಳುತ್ತದೆ!

ಹಾಗಾದರೆ ಯಾಕೆ ಮಾತಾಡುವುದಿಲ್ಲ? ಶಿಶುವಿನ ಧ್ವನಿಪೆಟ್ಟಿಗೆ ಗಂಟಲಿನಲ್ಲಿ ಮೇಲ್ಗಡೆ ಇರುತ್ತದೆ, ನಾಲಗೆ ಬಾಯಿಯನ್ನೆಲ್ಲ ತುಂಬಿರುತ್ತದೆ. ಹಾಲು ಕುಡಿಯಲು ಅದು ಅನುಕೂಲ, ಮಾತಿಗೆ ಅಲ್ಲ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಎರಡು ವರ್ಷದ ಹೊತ್ತಿಗೆ ಎರಡು ಪದ ಸೇರಿಸುತ್ತಾರೆ. ಆದರೆ ಇದಕ್ಕೆಲ್ಲ ಒಂದು ಷರತ್ತು ಇದೆ. ಮಗುವಿಗೆ ನಮ್ಮ ಮಾತು ಕೇಳಬೇಕು.

ಮುನ್ನಾನ ವಿಷಯ

ನಮ್ಮ ಮುನ್ನಾ ಒಂದು ವರ್ಷವಾದರೂ ಏನೂ ಹೇಳಲಿಲ್ಲ. ಉರ್ದು, ಕನ್ನಡ, ಮೊಬೈಲಿನ ಇಂಗ್ಲಿಷ್ ಹಾಡು ಎಲ್ಲ ಸೇರಿ ಮಗುವಿಗೆ ಗೊಂದಲ ಆಗಿದೆ ಎಂದು ಒಬ್ಬರು ಹೇಳಿದರು. ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ ಎಂದು ಇನ್ನೊಬ್ಬರು. ದಾದಿ ಮಾತ್ರ ತಮ್ಮ ಗಾದೆ ಹೇಳಿದರು. ಪೂತ್ ಕೆ ಪಾವ್ ಪಾಲ್‌ನೆ ಮೇ ನಜರ್ ಆತೆ ಹೈ, ಮಗನ ಹೆಜ್ಜೆ ತೊಟ್ಟಿಲಲ್ಲೇ ಕಾಣುತ್ತದೆ. ಕನ್ನಡದಲ್ಲಿ ಬೆಳೆವ ಸಿರಿ ಮೊಳಕೆಯಲ್ಲಿ ಎನ್ನುವ ಹಾಗೆ. ಅವನ ಹುಷಾರು ನಮಗೆಲ್ಲ ಕಾಣುತ್ತಿತ್ತು. ಬಾಗಿಲು ತೆರೆದರೆ ನೋಡುತ್ತಿದ್ದ. ಫೋನಿನ ಬೆಳಕು ಹತ್ತಿದರೆ ಅಬ್ಬು ಎಂದು ಓಡಿ ಬರುತ್ತಿದ್ದ, ಬಾಯಲ್ಲಿ ಅಲ್ಲ, ಕೈಚಾಚಿ. ನಾನು ಡಬ್ಬಿಂಗ್ ಮುಂದುವರಿಸಿದೆ.

ಒಂದೂವರೆ ವರ್ಷದ ಲಸಿಕೆಗೆ ಹೋದಾಗ ಆರೋಗ್ಯ ಕೇಂದ್ರದ ಸಿಸ್ಟರ್ “ಕರೆದರೆ ತಿರುಗಿ ನೋಡ್ತಾನಾ?” ಎಂದು ಕೇಳಿದರು. ಅಕ್ಕ “ತುಂಬಾ ಹುಷಾರು ಮೇಡಂ” ಎಂದಳು. “ಅದಲ್ಲಮ್ಮ ನಾನು ಕೇಳಿದ್ದು” ಎಂದು ಅವರು ಅವನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಮುನ್ನಾ ಕೈಯಲ್ಲಿದ್ದ ಬೀಗದ ಕೈಯನ್ನು ನೋಡುತ್ತಲೇ ಇದ್ದ. ಎರಡು ಸಲ, ಮೂರು ಸಲ. ತಿರುಗಲಿಲ್ಲ. ನಾನು ಅಲ್ಲೇ ನಿಂತಿದ್ದೆ.

ಪರೀಕ್ಷೆಯಲ್ಲಿ ಎರಡೂ ಕಿವಿಗೆ ಸರಿಯಾಗಿ ಕೇಳುವುದಿಲ್ಲ ಎಂದು ಗೊತ್ತಾಯಿತು. ಡಾಕ್ಟರು ಎರಡು ವಿಷಯ ವಿವರಿಸಿದರು. ಕಿವಿ ಕೇಳದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಅಳುತ್ತವೆ, ನಗುತ್ತವೆ, ‘ಆ, ಊ’ ಎಂದು ಸದ್ದು ಮಾಡುತ್ತವೆ, ಆದ್ದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಮಾತು ನಿಲ್ಲುವುದಿಲ್ಲ, ಆ ನೆಪದಲ್ಲಿ ಪರೀಕ್ಷೆ ಮುಂದೂಡಬಾರದು. ಮುನ್ನಾ ನಿಜವಾಗಿಯೂ ಹುಷಾರೇ. ಕಿವಿಗೆ ಸಿಗದ್ದನ್ನು ಕಣ್ಣಿನಿಂದ ತುಂಬಿಕೊಂಡಿದ್ದ. ನಾವು ಅವನು ಹುಷಾರು ಎಂದು ಹೇಳಿದೆವು, ಹುಷಾರಾಗಿದ್ದಾನಾ ಎಂದು ಕೇಳಲಿಲ್ಲ. ಒಂಬತ್ತು ತಿಂಗಳು ಅವನ ಕಿವಿಯ ಹಿಂದೆಯೇ ಕುಳಿತು ಮಾತಾಡಿದವನು ನಾನು. ನನಗೇ ಮೊದಲು ತಿಳಿಯಬೇಕಿತ್ತು.

ಈಗ ಅವನ ಎರಡೂ ಕಿವಿಯ ಹಿಂದೆ ಪುಟ್ಟ ಶ್ರವಣ ಯಂತ್ರ ಇದೆ. ವಾರಕ್ಕೆ ಎರಡು ದಿನ ಮಾತಿನ ತರಬೇತಿ. ಮೊದಲ ದಿನ ಯಂತ್ರ ಹಾಕಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮುನ್ನಾ ಬೆಚ್ಚಿ ಅಕ್ಕನ ಸೆರಗು ಹಿಡಿದುಕೊಂಡು ಅತ್ತ. ಅವನು ಅತ್ತದ್ದಕ್ಕೆ ಮನೆಯವರೆಲ್ಲ ಖುಷಿಪಟ್ಟದ್ದು ಅದೊಂದೇ ಸಲ.

ನಿಮ್ಮ ಮನೆಯಲ್ಲೂ ತಮ್ಮ, ತಂಗಿ, ಅಕ್ಕನ ಮಗು ಇರಬಹುದು. ಹುಟ್ಟಿದ ಮಗುವಿನ ಕಿವಿಯ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಮಗು ಮಲಗಿದ್ದಾಗಲೇ ಮಾಡಬಹುದು, ನೋವಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ತಜ್ಞರು ಹೇಳುವ ಲೆಕ್ಕ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ, ಅದರಲ್ಲಿ ಕಿವಿಯೂ ಸೇರಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ತಡವಾಗಿದೆ ಎಂದು ಬಿಡಬೇಡಿ. ನಾವೂ ತಡವಾಗಿಯೇ ಹೋದೆವು.

ನಾನು ಈಗಲೂ ಬಾಸ್ ಬೇಬಿ ನೋಡಿ ನಗುತ್ತೇನೆ. ಆದರೆ ಮುನ್ನಾನಿಗೆ ಡಬ್ಬಿಂಗ್ ಮಾಡುವುದನ್ನು ನಿಲ್ಲಿಸಿದ್ದೇನೆ. ಈಗ ಅವನ ಎದುರಿಗೆ ಕುಳಿತು, ಅವನು ನನ್ನ ಬಾಯಿ ನೋಡುವಂತೆ, ನಿಧಾನವಾಗಿ ‘ಮಾಮು’ ಎನ್ನುತ್ತೇನೆ. ಇದುವರೆಗೆ ಅವನು ‘ಮಾ’ ಎನ್ನುವ ತನಕ ಬಂದಿದ್ದಾನೆ. ಅದು ನನಗೋ ಅಕ್ಕನಿಗೋ ಎಂದು ಮನೆಯಲ್ಲಿ ದಿನವೂ ಜಗಳ ನಡೆಯುತ್ತಿದೆ.